ಎಡಕ್ಕೆ ತಿರುಗಿದ್ದು ಯಾರು?

ಫೆಬ್ರವರಿ ೩

ಪುಟ್ಟೀ,

ನಿಮ್ಮ ರೈಲು ಹೊರಟ ಮೇಲೆ ನನ್ನನ್ನು ಇಲ್ಲಿಗೆ ತಂದು ಬಿಟ್ಟರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಬಾಡಿಗೆ ಕೋಣೆ. ಕಿಟಕಿಯಿಂದ ಒಂದು ಸೈಕಲ್ ರಿಪೇರಿ ಅಂಗಡಿ ಕಾಣುತ್ತದೆ. ಮನೆಯ ಒಡತಿಯ ಫೋನು ನಡುಮನೆಯಲ್ಲಿದೆ, ಅವಳ ಕಿವಿಯೂ ಅಲ್ಲೇ ಇರುತ್ತದೆ. ಆದ್ದರಿಂದ ಕಾಗದವೇ ಸರಿ. ಅಲ್ಲದೆ ಫೋನಿನಲ್ಲಿ ನೀನು ಸುಳ್ಳು ಹೇಳಿದರೆ ನನಗೆ ಗೊತ್ತಾಗುವುದಿಲ್ಲ, ಕಾಗದದಲ್ಲಾದರೆ ಗೊತ್ತಾಗುತ್ತದೆ.

ಬಿದ್ದಾಗ ಹರಿದ ಹಿಮ್ಮಡಿಯ ನರವನ್ನು ಹೊಲಿದಿದ್ದಾರೆ. ಆ ನರಕ್ಕೆ ಯಾರೋ ಗ್ರೀಕ್ ವೀರನ ಹೆಸರಿದೆಯೆಂದು ಡಾಕ್ಟರು ಹೇಳಿದಾಗ ನೋವಿನಲ್ಲೂ ನಗು ಬಂತು. ಗ್ರೀಕರ ಹಾಗೆ ನಿಲ್ಲಿ, ಗ್ರೀಕರ ಹಾಗೆ ನಡೆಯಿರಿ ಎಂದು ನಮ್ಮ ನಿರ್ದೇಶಕರು ಇಷ್ಟು ವರ್ಷ ಬರಿಗಾಲಲ್ಲಿ ಕುಣಿಸಿದರು. ಕೊನೆಗೆ ಗ್ರೀಕರು ನನ್ನ ಹಿಮ್ಮಡಿಯನ್ನೂ ಬಿಡಲಿಲ್ಲ.

ಈಗ ಕೆಲಸದ ಮಾತು. ನನ್ನ ಮುಖವಾಡ ಎಲ್ಲಿದೆ? ಪೆಟ್ಟಿಗೆಯ ಬೀಗದ ಕೈ ನಿನ್ನ ಸೊಂಟದಲ್ಲಿದೆ, ತಂಡದ ನಿಯಮವೂ ನಿನಗೆ ಗೊತ್ತು. ಹಳೆಯ ಗ್ರೀಕ್ ನಾಟಕದವರಂತೆ ನಮ್ಮದು ಪೂರ್ತಿ ಮುಖ ಮುಚ್ಚುವ ಮುಖವಾಡ. ಯಾರ ಮುಖದ ಅಚ್ಚಿನಿಂದ ಮಾಡಿದ್ದೋ ಅವರೇ ಹಾಕಬೇಕು, ಗೋಡೆಗೆ ಮುಖ ಮಾಡಿ ಹಾಕಬೇಕು, ಹಾಕಿದ ಮೇಲೆ ಅವರನ್ನು ಯಾರೂ ಮಾತಾಡಿಸಬಾರದು. ಗುಂಪಾಗಿ ಕುಣಿಯುವ ಕೋರಸ್ಸಿನ ಹೆಂಗಸರಿಗೆಲ್ಲ ಒಂದೇ ಥರದ ಮುಖ. ಮಗ ಯುದ್ಧದಿಂದ ಬರುವುದಿಲ್ಲವೆಂದು ತಿಳಿಯುವ ತಾಯಿಗೆ ಮಾತ್ರ ಬೇರೆ ಮುಖ, ಅದು ನನ್ನದು. ಸುದ್ದಿ ಕೇಳಿ ಅವಳು ಕೋರಸ್ಸಿಗೆ ಬೆನ್ನು ಮಾಡಿ, ಬಲಕ್ಕೆ ತಿರುಗಿ, ಎರಡೂ ಕೈ ಎತ್ತುತ್ತಾಳೆ. ಆ ಒಂದು ತಿರುವಿಗಾಗಿ ಜನ ಟಿಕೆಟ್ ಕೊಳ್ಳುತ್ತಾರೆ. ನಾನು ಜಂಬ ಕೊಚ್ಚುತ್ತಿಲ್ಲ, ಇದು ನಿನಗೂ ಗೊತ್ತು.

ಗುಬ್ಬಚ್ಚಿಯ ಮೇಲೆ ಕಣ್ಣಿಡು. ಕೋರಸ್ಸಿನ ತುದಿಯಲ್ಲಿ ನಿಲ್ಲುವ ಆ ಹುಡುಗಿ ನನ್ನ ತಾಲೀಮಿನ ಹೊತ್ತಿಗೆ ತುಟಿ ಅಲ್ಲಾಡಿಸುತ್ತ ನನ್ನ ಹೆಜ್ಜೆಯನ್ನು ಎಣಿಸುತ್ತಾಳೆ. ನಾನು ನೋಡಿದ್ದೇನೆ. ತಿಂಗಳೊಳಗೆ ಬರುತ್ತೇನೆ, ಅಲ್ಲಿಯವರೆಗೆ ಪೆಟ್ಟಿಗೆ ತೆರೆಯಬೇಡ.

ಅಕ್ಕ

ಫೆಬ್ರವರಿ ೧೧

ಅಕ್ಕಾ,

ಮುಖವಾಡ ಸುರಕ್ಷಿತವಾಗಿದೆ. ತೆಳುವಾದ ಮಲ್ಲು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನೀನಿಲ್ಲದೆ ಆಟ ನಿಲ್ಲಬಾರದೆಂದು ನಿರ್ದೇಶಕರು ಒಂದು ಉಪಾಯ ಮಾಡಿದ್ದಾರೆ. ವೇದಿಕೆಯ ನಡುವೆ ಒಂದು ಕೋಲು ನೆಟ್ಟು, ಅದರ ಮೇಲೆ ನಿನ್ನ ಮುಖವಾಡವನ್ನಿಟ್ಟು, ಕೋರಸ್ಸು ಅದರ ಸುತ್ತ ಕುಣಿಯುತ್ತದೆ. ಚೆನ್ನಾಗಿಯೇ ಕಾಣುತ್ತದೆ.

ಗುಬ್ಬಚ್ಚಿ ಒಳ್ಳೆಯವಳೇ. "ಅಕ್ಕ ಹೇಗಿದ್ದಾರೆ, ಯಾವಾಗ ಬರ್ತಾರೆ?" ಅಂತ ದಿನಾ ಕೇಳುತ್ತಾಳೆ. ಬಟ್ಟೆ ಮಡಿಸಲು ನನ್ನ ಜೊತೆ ಕೂರುತ್ತಾಳೆ. ಎಡಚಿಯಾದ್ದರಿಂದ ಅವಳು ಮಡಿಸಿದ್ದೆಲ್ಲ ಉಲ್ಟಾ, ನಾನು ಮತ್ತೆ ಬಿಚ್ಚಿ ಮಡಿಸಬೇಕು.

ನನ್ನ ಬಲಗಡೆಯ ದವಡೆ ಹಲ್ಲು ಪ್ರಾಣ ತೆಗೆಯುತ್ತಿದೆ. ಊರೂರು ತಿರುಗುವವರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಪುರುಸೊತ್ತೆಲ್ಲಿ? ಲವಂಗದ ಎಣ್ಣೆಯಲ್ಲೇ ದಿನ ದೂಡುತ್ತಿದ್ದೇನೆ. ನಿನ್ನ ಡಾಕ್ಟರು ಏನಂದರು, ಸರಿಯಾಗಿ ಬರೆ.

ಪುಟ್ಟಿ

ಫೆಬ್ರವರಿ ೧೭

ಪುಟ್ಟೀ,

ಪೆನ್ಸಿಲ್ಲಿನಲ್ಲಿ ಬರೆದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಪೆನ್ನು ಕೆಟ್ಟಿದೆ. ಕಾಲು ಬಹಳ ಚೆನ್ನಾಗಿ ಕೂಡಿಕೊಂಡಿದೆ ಎಂದರು ಡಾಕ್ಟರು. ಬೆಳಿಗ್ಗೆ ಸಂಜೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ.

ನಾನು ಯಾವಾಗ ಬರುತ್ತೇನೆಂದು ಅವಳಿಗೆ ದಿನಾ ಯಾಕೆ ಬೇಕು? ಪ್ರೀತಿ ಇರುವವರು ಒಂದು ಸಲ ಕೇಳುತ್ತಾರೆ. ದಿನಾ ಕೇಳುವವರಿಗೆ ನಾನು ಬರುವ ದಿನದ ಮೇಲೆ ಬೇರೇನೋ ಕಣ್ಣಿದೆ. ನಿನಗೆ ಬೆಣ್ಣೆ ಹಚ್ಚುತ್ತಿದ್ದಾಳೆ, ನೀನು ಹಚ್ಚಿಸಿಕೊಳ್ಳುತ್ತಿದ್ದೀಯೆ.

ಆ ಕೋಲಿನ ವಿಷಯವೂ ನನಗೆ ಅರ್ಥವಾಗಲಿಲ್ಲ. ಕೋಲಿಗೆ ಮುಖ ಕಟ್ಟಿದರೆ ಕೊನೆಯಲ್ಲಿ ತಿರುಗುವವರು ಯಾರು? ಮುಖವಾಡ ಹಾಕಿದರೆ ಮುಖದ ಕೆಲಸವನ್ನೆಲ್ಲ ಮೈ ಮಾಡಬೇಕು, ಅದಕ್ಕೇ ಗ್ರೀಕರು ಅದನ್ನು ಹಾಕಿದ್ದು ಎಂದು ನಮಗೆ ಪಾಠ ಹೇಳಿದವರೇ ಅವರು. ಕೋಲಿಗೆ ಎಲ್ಲಿಯ ಮೈ? ಪಕ್ಕದಲ್ಲಿ ನಿಂತು ಸರಿಯಾಗಿ ನೋಡಿ ಬರೆ. ನೀನೂ ಒಂದು ಕಾಲದಲ್ಲಿ ಕೋರಸ್ಸಿನಲ್ಲಿ ನಿಂತವಳು. ನಿನಗೆ ಕುಣಿಯುವ ಕಾಲು ಇರಲಿಲ್ಲ, ಕಣ್ಣಂತೂ ಇದೆ.

ಅಕ್ಕ

ಫೆಬ್ರವರಿ ೨೬

ಅಕ್ಕಾ,

ಕೋಲನ್ನು ಇಬ್ಬರು ಹೆಂಗಸರು ಹಿಡಿದು ತಿರುಗಿಸುತ್ತಾರೆ. ಅಷ್ಟೇ. ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಕೋರಸ್ಸಿನ ಉಡುಪಿನ ನೆರಿಗೆಗಳನ್ನು ಹಿಂಡಿ ಹುರಿ ಮಾಡಿ ಕಟ್ಟಿ ಒಣಗಿಸುವುದರಲ್ಲೇ ಕೈಯೆಲ್ಲ ಬೊಬ್ಬೆ. ಇಲ್ಲಿನ ಗ್ರೀನ್ ರೂಮು ಒಂದು ಗೂಡು, ಹಗ್ಗ ಕಟ್ಟಲು ಎರಡು ಮೊಳೆ ಕೊಡಲಿಕ್ಕೂ ಕಾವಲುಗಾರ ಗೊಣಗುತ್ತಾನೆ. ದವಡೆ ಊದಿದೆ. ನುಂಗುವುದೂ ಕಷ್ಟ.

ಒಂದು ಮಾತು. ನೆಲಮಹಡಿಯ ಕೋಣೆ ಎಂದು ಬರೆದಿದ್ದೆ. ನೀನು ಹತ್ತಿ ಇಳಿಯುವ ಮೆಟ್ಟಿಲು ಯಾವುದು?

ಪುಟ್ಟಿ

ಮಾರ್ಚ್ ೪

ತಂಗಿಯವರಿಗೆ,

ಮೆಟ್ಟಿಲು ಆಸ್ಪತ್ರೆಯದು. ನನ್ನನ್ನು ಪ್ರಶ್ನೆ ಕೇಳುವ ಮೊದಲು ಇದನ್ನು ಓದು.

ನಿನ್ನೆ ಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಪತ್ರಿಕೆಯನ್ನು ಆಡಿಸುತ್ತ ಒಳಗೆ ಬಂದಳು. "ಏನ್ರೀ ಇದು! ನೀವು ಇಲ್ಲಿ ನನ್ನೆದುರು ಮಲಗಿದೀರಿ, ಅಲ್ಲಿ ಕುಣೀತಾನೂ ಇದೀರಂತೆ. ಯಾವುದ್ರೀ ನಿಜವಾದ ನೀವು?" ಅಂದಳು. ವಿಮರ್ಶಕರು ಬರೆದದ್ದನ್ನು ಇಲ್ಲಿ ಇಳಿಸುತ್ತೇನೆ.

"ಹಿರಿಯ ನರ್ತಕಿ ಈ ಸಲ ತಮ್ಮ ಪ್ರಸಿದ್ಧ ತಿರುವನ್ನೇ ಬದಲಿಸಿದ್ದಾರೆ. ಪ್ರಾಚೀನ ಗ್ರೀಸಿನ ಕೋರಸ್ಸು ಒಂದು ನುಡಿಗೆ ಒಂದು ದಿಕ್ಕಿನಲ್ಲಿ ಸಾಗಿ, ಮರುನುಡಿಗೆ ಬಂದ ದಾರಿಯಲ್ಲೇ ಹಿಂತಿರುಗುತ್ತಿತ್ತು ಎನ್ನುತ್ತಾರೆ. ಇಲ್ಲಿ ಕೋರಸ್ಸು ಬಲಕ್ಕೆ ಸಾಗಿದರೆ ತಾಯಿ ಒಬ್ಬಳೇ ಎಡಕ್ಕೆ ತಿರುಗುತ್ತಾಳೆ. ಕೈಗಳನ್ನು ಎತ್ತುವುದಿಲ್ಲ. ಒಂದು ಕೈ ಮಾತ್ರ ನಿಧಾನವಾಗಿ ಕೆನ್ನೆಗೆ ಹೋಗುತ್ತದೆ. ಹಳೆಯ ಗ್ರೀಕ್ ಮಡಕೆಗಳ ಮೇಲೆ ಚಿತ್ರಿಸಿದ, ಶೋಕಿಸುವ ಹೆಂಗಸರು ಕಣ್ಣ ಮುಂದೆ ಬಂದರು. ಇಷ್ಟು ವರ್ಷ ಎತ್ತಿದ ಕೈಗಳು ಅಬ್ಬರವಾಗಿದ್ದವೆಂದು ಈಗ ಅನ್ನಿಸುತ್ತಿದೆ."

ಅಬ್ಬರವಂತೆ! ಹೆಸರು ನನ್ನದು, ಫೋಟೋ ನನ್ನದು, ಮುಖವಾಡ ನನ್ನದು. ಅದರೊಳಗೆ ಯಾರು? ಕೋಲು ಕೆನ್ನೆಗೆ ಕೈ ಹಚ್ಚುತ್ತದೆಯೇ? ನನ್ನ ಕಿವಿಗೆ ಹೂವಿಡಬೇಡ. ಇಡೀ ತಂಡದಲ್ಲಿ ಎಡಕ್ಕೆ ತಿರುಗುವವಳು ಒಬ್ಬಳೇ, ನಿನ್ನ ಜೊತೆ ಉಲ್ಟಾ ಬಟ್ಟೆ ಮಡಿಸುವವಳು. ತಾಲೀಮಿನಲ್ಲೂ ಅವಳ ಮೈ ಮೊದಲು ಎಡಕ್ಕೇ ವಾಲುತ್ತದೆ, ಎಷ್ಟು ಸಲ ತಿದ್ದಿದ್ದೇನೆ.

ಅವಳು ಹಾಕಿದ್ದಕ್ಕಿಂತ ನೀನು ಬೀಗ ತೆರೆದುಕೊಟ್ಟದ್ದು ನನ್ನ ಹೊಟ್ಟೆ ಉರಿಸಿದೆ. ಆ ಮುಖವಾಡ ಬಿಟ್ಟರೆ ನನ್ನದೆಂದು ಹೇಳಿಕೊಳ್ಳಲು ಬೇರೇನಿದೆ? ಮನೆಯಿಲ್ಲ, ಸಂಸಾರವಿಲ್ಲ. ಅದನ್ನು ಪಾರ್ಸೆಲ್ ಮಾಡಿ ಈಗಲೇ ನನಗೆ ಕಳಿಸು.

ಅಕ್ಕ

ಮಾರ್ಚ್ ೧೫

ಮುಖವಾಡ ಬಂದಿಲ್ಲ. ಉತ್ತರವೂ ಬಂದಿಲ್ಲ. ನಿರ್ದೇಶಕರಿಗೆ ಬರೆದೆ, ಅವರು "ಆರೋಗ್ಯ ನೋಡಿಕೊಳ್ಳಿ" ಎಂದು ಒಂದು ಕಾರ್ಡು ಹಾಕಿದ್ದಾರೆ. ಎಲ್ಲರೂ ಸೇರಿ ನನ್ನಿಂದ ಕೈತೊಳೆದುಕೊಂಡಿದ್ದೀರೋ? ಅಮ್ಮ ಹೊರಗಿನಿಂದ ಬಂದ ಕೂಡಲೇ ರೇಡಿಯೋದ ಬೆನ್ನು ಮುಟ್ಟಿ, ಬಿಸಿಯಿದ್ದರೆ ಕದ್ದು ಹಾಡು ಕೇಳಿದ ನಮ್ಮನ್ನು ಹಿಡಿಯುತ್ತಿದ್ದಳಲ್ಲ, ಅವಳ ಮಗಳು ನಾನು. ನೆನಪಿರಲಿ.

ಮಾರ್ಚ್ ೧೯

ಅಕ್ಕಾ,

ಮುಖವಾಡವನ್ನು ಇವತ್ತು ಕಳಿಸಿದ್ದೇನೆ. ಮುಂದಿನ ಆಟ ಏಪ್ರಿಲ್ ಮಧ್ಯದಲ್ಲಿ, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ. ಗುಬ್ಬಚ್ಚಿ ಅದನ್ನು ಮುಟ್ಟಿಲ್ಲ. ನಿನ್ನ ಕಾಗದ ಬಂದ ದಿನ ನನ್ನ ಮುಖ ನೋಡಿ, "ನನ್ ಮೇಲೆ ಅನುಮಾನನಾ ಅಕ್ಕಂಗೆ?" ಅಂತ ಕೇಳಿದಳು. ಅವಳ ಕೈಗೆ ಮಡಿಸಲು ಇನ್ನೊಂದು ಬಟ್ಟೆ ಕೊಟ್ಟೆ.

ನಾನೂ ಅದೇ ಅಮ್ಮನ ಮಗಳು. ಮೊದಲ ಕಾಗದ ಪೆನ್ನಿನಲ್ಲಿ ಬರೆದೆ, ಆಮೇಲಿನದೆಲ್ಲ ಪೆನ್ಸಿಲ್ಲು. ಪೆನ್ನು ಕೆಟ್ಟಿದ್ದರೆ ಆಸ್ಪತ್ರೆಯ ಬೀದಿಯಲ್ಲಿ ಇನ್ನೊಂದು ಸಿಗುವುದಿಲ್ಲವೇ? ಬೆನ್ನ ಮೇಲೆ ಮಲಗಿ, ಕಾಗದ ಮೇಲೆ ಹಿಡಿದು ಬರೆದರೆ ಪೆನ್ನಿನ ಶಾಯಿ ಇಳಿಯುವುದಿಲ್ಲ, ಪೆನ್ಸಿಲ್ಲಿಗೆ ಆ ತೊಂದರೆಯಿಲ್ಲ. ನಿನ್ನ ಸಾಲುಗಳೆಲ್ಲ ಮೇಲಕ್ಕೆ ಏರುತ್ತಿವೆ. "ಮಲಗಿದೀರಿ" ಎಂದು ಫಿಸಿಯೋ ಅಂದಳೆಂದು ನೀನೇ ಬರೆದಿದ್ದೀಯೆ. ಮೆಟ್ಟಿಲು ಹತ್ತುವವಳು ಹಗಲು ಹೊತ್ತಿನಲ್ಲಿ ಯಾಕೆ ಮಲಗಿರುತ್ತಾಳೆ?

ಪುಟ್ಟಿ

ಮಾರ್ಚ್ ೨೮

ಪುಟ್ಟೀ,

ಪೆಟ್ಟಿಗೆ ಬಂತು. ಒಡತಿ ಕುತ್ತಿಗೆ ಚಾಚಿದಳು, ಅವಳನ್ನು ಹೊರಗೆ ಕಳಿಸಿ ತೆರೆದೆ.

ಮುಖವಾಡವನ್ನು ಬಿಗಿಯುವ ದವಡೆಯ ಪಟ್ಟಿಯಲ್ಲಿ ನನ್ನ ತೂತಿನ ಪಕ್ಕ ಹೊಸ ತೂತು. ಬಲಗೆನ್ನೆಯ ಒಳಗಿನ ಹತ್ತಿಯನ್ನು ಯಾರೋ ಕಿತ್ತು ತೆಳ್ಳಗೆ ಮಾಡಿದ್ದಾರೆ. ಗುಬ್ಬಚ್ಚಿಯ ಪುಟ್ಟ ಮುಖಕ್ಕೆ ಹತ್ತಿ ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ. ಕೆನ್ನೆ ಊದಿದವರಿಗೆ ಜಾಗ ಬೇಕು. ಆಮೇಲೆ ಮೂಗಿನ ಹತ್ತಿರ ತಂದೆ. ಲವಂಗದ ಎಣ್ಣೆ.

ನಾನು ಯಾರ ಮೇಲೆ ಕಣ್ಣಿಡಲು ಹೇಳಿದೆನೋ ಅವಳು ಪಾಪ ಬಟ್ಟೆ ಮಡಿಸುತ್ತಿದ್ದಳು. ಯಾರಿಗೆ ಹೇಳಿದೆನೋ ಅವಳು ನನ್ನ ಮುಖದೊಳಗೆ ನಿಂತಿದ್ದಳು. ಕೆನ್ನೆಗೆ ಹೋದ ಆ ಕೈ ಹಲ್ಲು ನೋವಿನದು! ವಿಮರ್ಶಕರಿಗೆ ಅದರಲ್ಲಿ ಗ್ರೀಸಿನ ಮಡಕೆಗಳು ಕಂಡವು.

ಒಂದು ಗುಂಡಿ ಹೊಲಿದು ಕೊಟ್ಟರೂ ಒರೆಸಿ ಕೊಡುವವಳು ನೀನು. ಮುಖವಾಡವನ್ನು ಮಾತ್ರ ಒಳಗಡೆ ಒರೆಸದೆ ಕಳಿಸಿದ್ದೀಯೆ. ಬಾಯಿ ಬಿಟ್ಟು ಹೇಳಲು ಧೈರ್ಯವಾಗಲಿಲ್ಲವೇ? ಯಾಕೆ ಮಾಡಿದೆ, ಬರೆ. ಒಂದು ಚೂರೂ ಮುಚ್ಚಿಡಬೇಡ.

ಅಕ್ಕ

ಏಪ್ರಿಲ್ ೩

ಅಕ್ಕಾ,

ನೀನು ಬಿದ್ದ ಮರುವಾರವೇ ನಿರ್ದೇಶಕರು ಪ್ಲಾಸ್ಟರ್ ತರಿಸಿದ್ದರು. "ಗುಬ್ಬಚ್ಚಿ ಮುಖದ ಅಚ್ಚು ತೆಗೀಬೇಕು, ತಯಾರಿ ಮಾಡ್ಕೊ" ಅಂದರು.

"ಅಕ್ಕನ ಮುಖವಾಡ ಏನ್ಮಾಡ್ತೀರಾ?" ಅಂದೆ.

"ಗೋಡೌನಲ್ಲಿರುತ್ತೆ. ಹಳೇವೆಲ್ಲ ಅಲ್ಲೇ ಇವೆಯಲ್ಲ."

ಗೋಡೌನಿಗೆ ಹೋದದ್ದು ಯಾವುದೂ ವಾಪಸು ಬಂದದ್ದನ್ನು ನಾನು ನೋಡಿಲ್ಲ. ತಾಯಿಗೆ ಹೊಸ ಮುಖ ಬಂದರೆ ನೀನು ಬಂದಾಗ ನಿನಗೆ ಜಾಗ ಇರುವುದಿಲ್ಲ. "ಅಚ್ಚು ಬೇಡ ಸರ್, ಅವಳು ಬರೋ ತನಕ ನಾನು ಹಾಕ್ಕೋತೀನಿ" ಅಂದುಬಿಟ್ಟೆ. ಅವರು ನಕ್ಕರು. "ನೀನಾ? ಒಗೆಯೋ ಬಟ್ಟೆ ಯಾರು ಒಗೀತಾರೆ?" ಅಂದರು. ಅವರೆದುರು ಒಂದು ಸಲ ಮಾಡಿ ತೋರಿಸಿದೆ. ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಿಂತು ನಿನ್ನ ಟವೆಲ್ಲು ಹಿಡಿದು ಎಷ್ಟು ವರ್ಷ ನೋಡಿದ್ದೇನೆ! ಅವರು ಪ್ಲಾಸ್ಟರಿನ ಚೀಲವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಕರಪತ್ರದಲ್ಲಿ ಅವಳ ಹೆಸರೇ ಇರುತ್ತೆ, ಯಾರೂ ಬಾಯಿ ಬಿಡಬಾರದು" ಅಂದರು. ನಿನಗೆ ತಿಳಿದರೆ ಹುಚ್ಚು ಹಿಡಿಸಿಕೊಂಡು ಕುಂಟುತ್ತಲೇ ರೈಲು ಹತ್ತುತ್ತೀಯೆಂದು ಆ ಕೋಲಿನ ಕಥೆ ಕಟ್ಟಿದೆ.

ಬಲಕ್ಕೆ ತಿರುಗಿದರೆ ಪಟ್ಟಿ ಹಲ್ಲಿನ ಮೇಲೆ ಒತ್ತುತ್ತಿತ್ತು. ಆದ್ದರಿಂದ ಎಡಕ್ಕೆ ತಿರುಗಿದೆ. ಕೈ ತಾನಾಗಿ ಕೆನ್ನೆಗೆ ಹೋಯಿತು. ಪತ್ರಿಕೆ ಬಂದ ದಿನ ಕೋರಸ್ಸಿನವರೆಲ್ಲ ನಕ್ಕು ನಕ್ಕು ಸುಸ್ತಾದರು.

ಮುಚ್ಚಿಡಬೇಡ ಅಂದೆಯಲ್ಲ, ಕೇಳು. ಮೊದಲ ಆಟ ಖಂಡಿತ ನಿನಗೋಸ್ಕರ ಆಡಿದೆ. ಎರಡನೆಯದನ್ನೂ ಹಾಗೇ ಎಂದುಕೊಂಡೆ. ಆಮೇಲೆ ಒಂದು ದಿನ ಮುಖವಾಡ ಹಾಕಲು ಗೋಡೆಗೆ ತಿರುಗಿದಾಗ, ನೀನು ಇನ್ನೊಂದು ವಾರ ತಡವಾಗಿ ಬರಲಿ ಎಂದು ಅನ್ನಿಸಿತು. ಅವತ್ತು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನನಗೆ ಕಾಲು ಇಲ್ಲವೆಂದು ಬರೆದಿದ್ದೆಯಲ್ಲ, ಆ ಕಾಗದ ಅದೇ ದಿನ ಬಂದಿತ್ತು.

ಈಗ ನಿನ್ನ ಸರದಿ. ಕಾಲು ಹೇಗಿದೆ?

ಪುಟ್ಟಿ

ಏಪ್ರಿಲ್ ೮

ಪುಟ್ಟೀ,

ಪೆನ್ಸಿಲ್ಲಿನ ವಿಷಯ ನೀನು ಹಿಡಿದದ್ದು ಸರಿ. ಮೆಟ್ಟಿಲೂ ಸುಳ್ಳು.

ಎರಡನೆಯ ಕಾಗದ ಬರೆಯುವ ಮೊದಲೇ ಡಾಕ್ಟರು ಹೇಳಿಬಿಟ್ಟಿದ್ದರು. ಹೊಲಿಗೆ ಹಾಕಿದ ಜಾಗದಲ್ಲಿ ಕೀವಾಗಿ ಮತ್ತೆ ಕೊಯ್ದರು. "ನಡೀಬಹುದಮ್ಮ, ಕೋಲು ಹಿಡ್ಕೊಂಡು. ಕುಣಿಯೋದು ಮರೆತುಬಿಡಿ" ಅಂದರು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಮಲಗಿದ ಕಡೆಯಿಂದಲೇ ನನ್ನ ಜಾಗ ಕಾಯುತ್ತಿದ್ದೆ. ಎದುರಿಗೆ ಯಾರಾದರೂ ಕಳ್ಳರಿದ್ದರೆ ಕಾಯುವುದಕ್ಕೆ ಅರ್ಥ ಬರುತ್ತದೆ, ಆದ್ದರಿಂದ ಗುಬ್ಬಚ್ಚಿಯನ್ನು ಕಳ್ಳಿ ಮಾಡಿದೆ. ನನ್ನ ನೀಲಿ ಶಾಲು ಅವಳಿಗೆ ಕೊಡು. ಯಾಕೆಂದು ಹೇಳಬೇಡ.

ನಾನು ತಡವಾಗಿ ಬರಲಿ ಎಂದು ನಿನಗೆ ಅನ್ನಿಸಿದ್ದಕ್ಕೆ ಎರಡು ದಿನ ಬೈದೆ, ಗಟ್ಟಿಯಾಗಿಯೇ ಬೈದೆ, ಒಡತಿ ಹೆದರಿಕೊಂಡಳು. ಮೂರನೆಯ ದಿನ, ನಾನು ಕೋರಸ್ಸಿನಲ್ಲಿದ್ದಾಗ ನನಗಿಂತ ಹಿರಿಯ ನರ್ತಕಿಗೆ ಕೆಮ್ಮು ಬಂದಾಗ ನಾನು ಏನು ಬೇಡಿಕೊಂಡಿದ್ದೆ ಎಂದು ನೆನಪಾಯಿತು. ಬೈಯುವುದು ಬಿಟ್ಟು ಹತ್ತಿ, ಸೂಜಿ ತೆಗೆದುಕೊಂಡೆ.

ಮುಖವಾಡ ವಾಪಸು ಕಳಿಸಿದ್ದೇನೆ. ಬಲಗೆನ್ನೆಗೆ ಹೊಸ ಹತ್ತಿ ಹಾಕಿ ಸಮ ಮಾಡಿದ್ದೇನೆ. ಪಟ್ಟಿಯಲ್ಲಿ ನಿನ್ನ ತೂತಿಗೆ ಹಿತ್ತಾಳೆಯ ಪುಟ್ಟ ಉಂಗುರ ಕೂರಿಸಿದ್ದೇನೆ, ಎದುರಿನ ಸೈಕಲ್ ಅಂಗಡಿಯವನು ಬಡಿದು ಕೊಟ್ಟ. ಗ್ರೀಕರ ನಾಟಕದಲ್ಲಿ ಒಬ್ಬನೇ ನಟ ಹಲವು ಮುಖವಾಡ ಹಾಕುತ್ತಿದ್ದನಂತೆ. ಒಂದೇ ಮುಖವಾಡದೊಳಗೆ ನಾವಿಬ್ಬರಿದ್ದೇವೆ. ಇನ್ನು ಕರಪತ್ರದಲ್ಲಿ ನಿನ್ನ ಹೆಸರು ಹಾಕಲು ಹೇಳು. ನಾನೇ ಹೇಳಿದೆ ಅನ್ನು.

ಆದರೆ ಮೊದಲು ಆ ಹಲ್ಲು ಕೀಳಿಸಿಕೋ. ನೋವಿಗೆ ಎಡಕ್ಕೆ ತಿರುಗುವುದು ಯಾರಿಗಾದರೂ ಬರುತ್ತದೆ. ನೋವಿಲ್ಲದ ಮೇಲೂ ಎಡಕ್ಕೇ ತಿರುಗಬೇಕೆನಿಸಿದರೆ ಆ ತಿರುವು ನಿನ್ನದು. ಇಲ್ಲವಾದರೆ ನನ್ನದನ್ನೇ ಆಡು, ನಾನು ಬೇಡವೆನ್ನುವುದಿಲ್ಲ.

ಅಕ್ಕ

ಏಪ್ರಿಲ್ ೨೧

ಅಕ್ಕಾ,

ನೀನು ಇಷ್ಟು ಸುಲಭವಾಗಿ ಬಿಟ್ಟುಕೊಡುವವಳಲ್ಲ ಎಂದು ಮುಖವಾಡವನ್ನು ತಿರುಗಿಸಿ ಮುರುಗಿಸಿ ನೋಡಿದೆ, ಒಳಗೆ ಸೂಜಿಗೀಜಿ ಇಟ್ಟಿದ್ದೀಯೇನೋ ಎಂದು. ಅನುಮಾನ ನಮ್ಮ ಮನೆಯ ಆಸ್ತಿ, ಅದನ್ನು ಸಮಪಾಲು ಮಾಡಿಕೊಂಡಿದ್ದೇವೆ.

ಹಲ್ಲು ಕೀಳಿಸಿಕೊಂಡೆ. ನಿನ್ನೆ ನನ್ನ ಹೆಸರಿನಲ್ಲಿ ಆಡಿದೆ. ಆ ಜಾಗ ಬಂದಾಗ ಮೈಯಲ್ಲಿ ಎಲ್ಲೂ ನೋವಿರಲಿಲ್ಲ. ಬಲಕ್ಕೂ ದಾರಿಯಿತ್ತು, ಎಡಕ್ಕೂ ಇತ್ತು. ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟೆ. ಕೋರಸ್ಸಿನವರು ಮರೆತಳೆಂದು ಹೆದರಿದರಂತೆ.

ಯಾವ ಕಡೆ ತಿರುಗಿದೆ ಎಂದು ಬರೆಯುವುದಿಲ್ಲ. ಮುಂದಿನ ತಿಂಗಳ ಕೊನೆಗೆ ನೀನಿರುವ ಊರಿಗೇ ಬರುತ್ತೇವೆ. ಕೋಲು ಹಿಡಿದುಕೊಂಡಾದರೂ ಬಂದು ನೋಡು. ಮೊದಲ ಸಾಲಿನಲ್ಲಿ ಕುರ್ಚಿ ಇಟ್ಟಿರುತ್ತೇನೆ.

ಪುಟ್ಟಿ

ಏಪ್ರಿಲ್ ೨೭

ಪುಟ್ಟೀ,

ಎಡಕ್ಕೆ.

ಬಲಕ್ಕೆ ತಿರುಗಿದ್ದರೆ ನನ್ನನ್ನು ಸಮಾಧಾನ ಮಾಡಲು ನೀನು ಕಾಗದದ ಮೊದಲ ಸಾಲಿನಲ್ಲೇ ಬರೆದುಬಿಡುತ್ತಿದ್ದೆ. ಬರೆಯದೆ ಇಟ್ಟುಕೊಂಡೆಯಲ್ಲ, ಅಲ್ಲೇ ಸಿಕ್ಕಿಬಿದ್ದೆ. ಓದಿ ನಾನು ಸ್ವಲ್ಪ ಅತ್ತೆ. ಆಮೇಲೆ ಹಸಿವಾಯಿತು, ಎದ್ದು ಕೂತು ಊಟ ಮಾಡಿದೆ.

ಕೈ ಕೆನ್ನೆಗೆ ಹೋಯಿತೋ ಇಲ್ಲವೋ, ಅದೊಂದು ಮಾತ್ರ ನನಗೆ ಹೊಳೆಯುತ್ತಿಲ್ಲ. ಅದನ್ನು ನೋಡಲು ಬರುತ್ತೇನೆ. ಮೊದಲ ಸಾಲಿನ ಕುರ್ಚಿ ಬೇಡ, ಪಕ್ಕದ ಪರದೆಯ ಮರೆಯಲ್ಲಿ ಒಂದು ಸ್ಟೂಲು ಹಾಕಿಸು. ನಿನ್ನ ಟವೆಲ್ಲು ಹಿಡಿಯಲು ಯಾರಾದರೂ ಬೇಕಲ್ಲ.

ಈ ಕಾಗದ ಪೆನ್ನಿನಲ್ಲಿದೆ, ನೋಡಿಕೋ.

ಅಕ್ಕ